ಹೆಲಿಕಾಪ್ಟರ್ ವಾಪಸ್ ಹೋದ ಸಂಜೆ

ಎಚ್.ಡಿ. ಕೋಟೆ
೧೮ ಜನವರಿ ೨೦೨೫

ಪ್ರೀತಿಯ ನಂದಿತಾ,

ನೀನೂ ಮಗುವೂ ಚೆನ್ನಾಗಿದ್ದೀರೆಂದು ಅವ್ವ ಹೇಳಿದಳು. ಮಗಳು ಹುಟ್ಟಿ ತಿಂಗಳು ಕಳೆದರೂ ಅಕ್ಕ ಒಂದು ಮಾತು ಕೇಳಲಿಲ್ಲವೆಂದು ಬೇಜಾರಾಗಬೇಡ. ಫೋನಿನಲ್ಲಿ ನೀನು ಅಳುತ್ತೀಯ, ನನಗೆ ಏನು ಹೇಳಬೇಕೋ ತೋಚುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಹಸಿ ಬಾಣಂತಿ ಬೆಟ್ಟದಪುರದಿಂದ ಬರುವುದು ಬೇಡವೆಂದು ತಡೆದವಳು ನಾನೇ. ಭಾವನ ಮುಖ ನೋಡಲಾಗಲಿಲ್ಲವೆಂದು ಕೊರಗಬೇಡ.

ನಡೆದದ್ದನ್ನು ಒಬ್ಬೊಬ್ಬರು ಒಂದೊಂದು ಥರ ಹೇಳಿರುತ್ತಾರೆ. ರೆಸಾರ್ಟಿಗೆ ಬಂದಿದ್ದ ಗಂಡ ಹೆಂಡತಿ ಕಾಡಿನೊಳಗೆ ನಡೆದುಹೋಗಿ ದಾರಿ ತಪ್ಪಿದರು. ಅವರನ್ನು ಹುಡುಕಲು ಕಾಡಿನ ವಾಚರುಗಳನ್ನು ಕಳಿಸಿದರು. ನಿನ್ನ ಭಾವನ ಜೊತೆ ಹೋದವನು ಚೇತನ್‌ಕುಮಾರ್, ಅವರೊಟ್ಟಿಗೆ ಕೆಲಸ ಮಾಡುವವನು. ಹಳ್ಳದ ಹತ್ತಿರ ಇಬ್ಬರೂ ಬೇರೆ ಬೇರೆ ದಿಕ್ಕು ಹಿಡಿದರಂತೆ. ಸಂಜೆ ಚೇತನ್ ಒಬ್ಬನೇ ಬಂದ. ನಿನ್ನ ಭಾವ ಆಚೆ ಕಡೆಯ ಕಾವಲು ಶೆಡ್ಡಿನಲ್ಲಿ ಉಳಿದಿರಬೇಕು, ಅಲ್ಲಿ ಫೋನ್ ಸಿಗುವುದಿಲ್ಲ ಎಂದ. ಎಷ್ಟೋ ಸಲ ಹಾಗೆ ಉಳಿದವರೇ. ನಾನು ಮುದ್ದೆ ಮುಚ್ಚಿಟ್ಟು ಮಲಗಿದೆ.

ಮಾರನೆಯ ದಿನ ಪೊಲೀಸಿನವರು ಹೆಲಿಕಾಪ್ಟರ್ ತರಿಸಿದರು. ಅದು ಮರಗಳ ಮೇಲೆ ಸುತ್ತಿದಾಗಲೆಲ್ಲ ಹಸು ಹಗ್ಗ ಜಗ್ಗುತ್ತಿತ್ತು. ಮಧ್ಯಾಹ್ನದ ಮೇಲೆ ಆ ಗಂಡ ಹೆಂಡತಿ ಸಿಕ್ಕರು. ಹಗ್ಗ ಇಳಿಬಿಟ್ಟು ಮೇಲೆತ್ತಿ, ಸ್ಕೂಲ್ ಮೈದಾನಕ್ಕೆ ತಂದು ಇಳಿಸಿದರು. ಊರೇ ಸೇರಿ ಚಪ್ಪಾಳೆ ಹೊಡೆಯಿತು. ನಿನ್ನ ಭಾವನೂ ಅದರಲ್ಲೇ ಬಂದಿರಬಹುದೆಂದು ನಾನೂ ಮಾವನೂ ಹೋಗಿದ್ದೆವು. ಬಂದಿರಲಿಲ್ಲ.

ಮಾವ ಒಬ್ಬ ಸಾಹೇಬರ ಮುಂದೆ ನಿಂತು ಕೇಳಿದರು. “ಸಾಮಿ, ನನ್ನ ಮಗ ಇನ್ನೂ ಒಳಗವ್ನೆ. ಆ ಕಡಿಕೆ ಒಂದು ಸುತ್ತು ಓಗಿ ಬರಾಕಾಯ್ತದಾ?”

“ವಾಚರ್ ಅಲ್ವಾ ಯಜಮಾನ್ರೇ? ಕಾಡು ಗೊತ್ತಿರೋರು, ಬರ್ತಾರೆ ಬಿಡಿ. ಬೆಳಕೂ ಹೋಗ್ತಾ ಇದೆ,” ಎಂದರು ಅವರು. ಕೆಟ್ಟದಾಗಿ ಹೇಳಲಿಲ್ಲ, ಸಮಾಧಾನಕ್ಕೇ ಹೇಳಿದರು. ಹೆಲಿಕಾಪ್ಟರ್ ವಾಪಸ್ ಹೋಯಿತು. ಕಣ್ಣಿಗೆ ಬಿದ್ದ ಮಣ್ಣು ಒರೆಸಿಕೊಂಡು ಮನೆಗೆ ಬಂದೆವು.

ಬೆಳಗಾಗುತ್ತಲೇ ಚೇತನ್ ನಾಲ್ಕು ಜನರನ್ನು ಕಟ್ಟಿಕೊಂಡು ಹೋದ. ಒಂದು ಬಂಡೆಯ ಕೆಳಗೆ ನಿನ್ನ ಭಾವ ಸಿಕ್ಕರು. ಜಾರಿ ಬಿದ್ದು ತೊಡೆ ಮುರಿದಿತ್ತು. ಕಂಬಳಿಯಲ್ಲಿ ಹೊತ್ತು ತಂದರು. ತೀರಿಕೊಂಡು ಬಹಳ ಹೊತ್ತಾಗಿಲ್ಲ ಎಂದರು ಡಾಕ್ಟರು.

ನಾನು ಅತ್ತಿಲ್ಲ ನಂದಿತಾ. ಪಕ್ಕದ ಮನೆಯ ಬಸವಮ್ಮ ದಿನಾ ಬಂದು, “ಅತ್ತುಬುಡು ಕಣವ್ವ, ಒಳಗೇ ಇಟ್ಕಬ್ಯಾಡ,” ಅನ್ನುತ್ತಾಳೆ. ಬೇರೆ ಯಾರಿಗೋ ಹೇಳುತ್ತಿದ್ದಾಳೆ ಅನ್ನಿಸುತ್ತದೆ. ಏಳುತ್ತೇನೆ, ಕಸ ಗುಡಿಸುತ್ತೇನೆ, ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ತಿಳಿಯುವುದಿಲ್ಲ. ಮಾವ ಸುಮ್ಮನೆ ಉಣ್ಣುತ್ತಾರೆ. ಕಾಡಿನಲ್ಲಿ ಸಿಕ್ಕಿದ ಆ ಹೆಂಗಸು ತಿಥಿಗೆ ಬಂದಿದ್ದಳು. ನನ್ನ ಕೈ ಹಿಡಿದು ಬಿಕ್ಕಿ ಬಿಕ್ಕಿ ಅತ್ತಳು. ನಾನೇ ಅವಳ ಬೆನ್ನು ಸವರಿ ನೀರು ಕೊಟ್ಟೆ. ಸಿಟ್ಟು ಬರಲಿಲ್ಲ. ಏನೂ ಬರಲಿಲ್ಲ.

ಬಾಣಂತನ ಸರಿಯಾಗಿ ಮಾಡಿಸಿಕೋ, ತಣ್ಣೀರು ಮುಟ್ಟಬೇಡ. ಮಗುವಿಗೆ ದೊಡ್ಡಮ್ಮನ ಮುತ್ತು. ಅವಳು ಹೊಟ್ಟೆ ತುಂಬ ಉಂಡು, ಕಣ್ಣು ತುಂಬ ನಿದ್ದೆ ಮಾಡಿ ಬೆಳೆಯಲಿ.

ನಿನ್ನ ಅಕ್ಕ,
ಗೌತಮಿ

ಮರೆತ ಮಾತು: ಇದನ್ನು ಅವ್ವನಿಗೆ ಓದಿ ಹೇಳಬೇಡ. ಮೊನ್ನೆ ಮಾವ ಸಂತೆಗೆ ಹೋಗಿದ್ದಾಗ ಒಬ್ಬರು ಮನೆ ಕೇಳಿಕೊಂಡು ಬಂದರು. ಆ ದಿನ ಹೆಲಿಕಾಪ್ಟರಿನ ಬಾಗಿಲಲ್ಲಿ ಕೂತು ಕೆಳಗೆ ನೋಡುತ್ತಿದ್ದವರಂತೆ. ಚಪ್ಪಲಿಯನ್ನೇ ನೋಡುತ್ತ ಹೇಳಿದರು: “ಬಂಡೆ ಹತ್ರ ಒಬ್ರು ಟವೆಲ್ ಬೀಸ್ತಾ ಇದ್ರಮ್ಮ. ಕಾಕಿ ಬಟ್ಟೆ ಕಾಣ್ತು. ಹುಡುಕೋಕೆ ಬಂದಿರೋ ನಮ್ಮವ್ರೇ, ದಾರಿ ತೋರಿಸ್ತಾ ಇದಾರೆ ಅಂದ್ಕೊಂಡೆ. ನಾನೂ ಕೈ ಬೀಸಿದೆ.”

ಕಾಫಿ ಕೊಟ್ಟು ಕಳಿಸಿದೆ. ಮಾವನಿಗೆ ಹೇಳಿಲ್ಲ. ಆ ಮನುಷ್ಯ ಕೈ ಬೀಸಿದ್ದನ್ನು ನೋಡಿ ನಿನ್ನ ಭಾವ, ಇನ್ನೇನು ಹಗ್ಗ ಇಳಿಬಿಡುತ್ತಾರೆ ಅಂದುಕೊಂಡು ಕಾದಿರುತ್ತಾರೆ.