ಶುಕ್ರವಾರದ ದಕ್ಕೆ

ಫೆಬ್ರವರಿ 2, ಸೋಮವಾರ. ಕಲ್ಲಿಕೋಟೆ.

ನನ್ನ ಪತ್ರಿಕೋದ್ಯಮ ತರಗತಿಯ ಅನಘಾಳ ವರದಿ ತಲೆಯಿಂದ ಹೋಗುತ್ತಿಲ್ಲ. ಅದರಲ್ಲಿ ಶುಕ್ರವಾರ ಬೆಳಗ್ಗೆ, ದೋಣಿಗಳು ಬಂದು ನಿಲ್ಲುವ ಪೊನ್ನಾನಿ ದಕ್ಕೆಯಲ್ಲಿ ಮೀನು ಹರಾಜಿನ ಗದ್ದಲ, ಮೂವರು ಮೀನುಗಾರರ ಅಂದವಾದ ಮಾತುಗಳು. ಶುಕ್ರವಾರ ಜುಮ್ಮಾ ನಮಾಜಿನ ದಿನ, ಅಲ್ಲಿ ಯಾರೂ ಕಡಲಿಗಿಳಿಯುವುದಿಲ್ಲ. ಬೆಟ್ಟದ ಸೀಮೆ ವಯನಾಡಿನ ಈ ಹುಡುಗಿಗೆ ಅದು ಗೊತ್ತಿಲ್ಲ, ಅವಳಿಗೆ ಬರೆದುಕೊಟ್ಟ ಎಐಗೂ ಗೊತ್ತಿಲ್ಲ ಎಂದುಕೊಂಡು ಇವತ್ತು ಅವಳನ್ನು ಕರೆಸಿದೆ.

"ನೀನು ಹೋಗ್ಲೇ ಇಲ್ವಲ್ಲ?" ಅಂದೆ.

"ಹೋಗಿದ್ದೆ ಟೀಚರ್! ಬಲೆ ಹೊಲೀತಿದ್ದ ಒಬ್ಬ ಅಜ್ಜ ಬಿಟ್ರೆ ಒಂದು ನರಪಿಳ್ಳೆನೂ ಇರ್ಲಿಲ್ಲ. 'ಯಾರಿಗಮ್ಮ ತಲೆ ಕೆಟ್ಟಿದ್ದು, ನಿನ್ನ ಇವತ್ತು ಕಳ್ಸೋಕೆ?' ಅಂದ್ರು. ಹರಾಜೇ ಇಲ್ಲ ಅಂತ ಬರೆದ್ರೆ ಫೇಲ್ ಮಾಡ್ತೀರೇನೋ ಅಂತ ಹೆದರಿ..."

ತಲೆ ಕೆಟ್ಟದ್ದು ನನಗೇ. ಈ ಸಲ ವರದಿಗೆ ಯಾರು, ಎಲ್ಲಿಗೆ, ಯಾವ ದಿನ ಎಂಬ ಪಟ್ಟಿಯನ್ನು ಎಐಯಿಂದ ಮಾಡಿಸಿ, ಓದಿ ನೋಡದೆ ಹಂಚಿದ್ದೆ. ಹುಟ್ಟಿ ಬೆಳೆದದ್ದು ಇದೇ ಕರಾವಳಿಯಲ್ಲಿ!

ಕಟ್ಟುಕಥೆಗೆ ಸೊನ್ನೆ ಕೊಟ್ಟೆ. ಅದು ಸರಿಯೇ, ಬದಲಾಯಿಸುವುದಿಲ್ಲ. ಕಂಡದ್ದನ್ನೇ ಬರೆದು ತರಲು ಗುರುವಾರದವರೆಗೆ ಸಮಯವನ್ನೂ ಕೊಟ್ಟೆ. ನಾಳೆ ತರಗತಿಯಲ್ಲಿ ನನ್ನ ತಪ್ಪನ್ನು ಮೊದಲು ಹೇಳಬೇಕು. ಖಾಲಿ ದಕ್ಕೆಯೂ ಸುದ್ದಿಯೇ ಎಂದು ಇವರಿಗೆ ಯಾವತ್ತಾದರೂ ಕಲಿಸಿದ್ದೇನೆಯೇ?

ಹೊರಡುವಾಗ ಬಾಗಿಲ ಬಳಿ ಅವಳು ತಿರುಗಿ ನಿಂತಳು. "ಅಜ್ಜನ ಹೆಸರು ಬೀರಾನ್ ಕುಟ್ಟಿ, ಟೀಚರ್. ಎಪ್ಪತ್ತೊಂದು ವರ್ಷ. ಬರ್ಕೊಂಡಿದ್ದೆ."

ಹೆಸರು ಕೇಳಿದ್ದಾಳೆ, ವಯಸ್ಸೂ ಕೇಳಿದ್ದಾಳೆ. ಇವಳಿಗೆ ಕಲಿಸಬಹುದು. ಇನ್ನು ನಾನು, ಹಂಚುವ ಮೊದಲು ಓದಿ ನೋಡುವುದನ್ನು ಕಲಿಯಬೇಕು.