ವಾರಕ್ಕೆ ನಾಲ್ಕೇ ಕುರ್ಚಿ

ಓನರ್ ಅಂಕಲ್‌ಗೆ ನಮಸ್ಕಾರ.

ಬರೆಯುವುದೇ ಬೇಡ ಎಂದುಕೊಂಡಿದ್ದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ಪಕ್ಕದ ಕೋಣೆ ನನಗೆ ಬೇಡ. ಮೊನ್ನೆ ನೀವು, "ಗೋಡೆ ಒಡೆಸಿ ಕೊಡ್ತೀನಮ್ಮಾ, ಅಂಗಡಿ ದೊಡ್ಡದು ಮಾಡು" ಅಂದಾಗ ನಾನು ಹೂಂ ಅಂದದ್ದು ನಿಜ. ನಿಮ್ಮ ಮುಖ ನೋಡಿದರೆ ನನಗೆ ಬೇರೇನೂ ಅನ್ನಲು ಬರುವುದಿಲ್ಲ.

ಹೋದ ವರ್ಷ ಹೀಗೇ ಎಲ್ಲರಿಗೂ ಹೂಂ ಅಂದು, ವಾರಕ್ಕೆ ಹನ್ನೆರಡು ಬೆತ್ತದ ಕುರ್ಚಿ ಒಪ್ಪಿಕೊಂಡಿದ್ದೆ. ಒಂದು ಮಧ್ಯಾಹ್ನ ತೂಕಡಿಸುತ್ತಾ ನನ್ನ ಶಾಲಿನ ಅಂಚನ್ನೂ ಸೇರಿಸಿ ಹೆಣೆದುಬಿಟ್ಟೆ. ನಾನು ಎದ್ದರೆ ಕುರ್ಚಿಯೂ ಎದ್ದಿತು. ಅಮ್ಮ ಕತ್ತರಿ ತಂದು, "ಯಾವುದನ್ನ ಕತ್ತರಿಸ್ಲೇ, ಶಾಲನ್ನೋ ಕುರ್ಚಿನೋ?" ಎಂದಳು. ನಾನು ಶಾಲಿನ ಅಂಚನ್ನೇ ಕತ್ತರಿಗೆ ಒಡ್ಡಿದೆ.

ಅಂದಿನಿಂದ ವಾರಕ್ಕೆ ನಾಲ್ಕೇ. ಹೆಣಿಗೆ ಸರಿಯಿಲ್ಲವೆಂದು ಒಂದೂ ವಾಪಸು ಬಂದಿಲ್ಲ. ಬರುವ ವರ್ಷ ಐದಕ್ಕೆ ಧೈರ್ಯ ಮಾಡಬಹುದು.

ಇಪ್ಪತ್ತನೇ ತಾರೀಕು ಬರುವ ಗಾರೆಯವರಿಗೆ ದಯವಿಟ್ಟು ಬೇಡ ಎಂದುಬಿಡಿ. ಮಹಡಿ ಮೇಲೆ ಇರುವವರಿಗೆ ಅಂಚೆಯೇಕೆ ಎನ್ನಬೇಡಿ. ಮೆಟ್ಟಿಲು ಹತ್ತಿ ಬಂದರೆ ಮತ್ತೆ ಹೂಂ ಅಂದುಬಿಡುತ್ತೇನೆ. ಇದು ನಿಮ್ಮ ಕೈ ಸೇರುವವರೆಗೆ ನಾನು ಎಷ್ಟು ಹೂಂ ಅಂದಿದ್ದರೂ ಅದು ಲೆಕ್ಕಕ್ಕಿಲ್ಲ.

ಇಂತಿ,
ಕೆಳಗಿನ ಅಂಗಡಿಯ ಕುರ್ಚಿ ಹೆಣೆಯುವವಳು

ಅಂಚೆಗೆ ಹಾಕುವುದು: ಹದಿನಾರನೇ ತಾರೀಕು, ಬೆಳಿಗ್ಗೆ, ನೀವು ಏಳುವ ಮುಂಚೆ.