ಭಾನುವಾರದ ಸೇವಂತಿಗೆ

ಆರ್.ಕೆ.ಪುರಂ, ದೆಹಲಿ
15 ಡಿಸೆಂಬರ್ 2025, ಸೋಮವಾರ

ಪ್ರೀತಿಯ ಯಜಮಾನರಿಗೆ,

ವಾಸಂತಿಯ ನಮಸ್ಕಾರ. ಇಟಾನಗರದಲ್ಲಿ ಚಳಿ ಹೇಗಿದೆ? ಮಂಡಿಗೆ ಎಣ್ಣೆ ಹಚ್ಚುತ್ತಿದ್ದೀರಾ, ಇಲ್ಲ ಬಾಟಲಿ ಇನ್ನೂ ಸೂಟ್‌ಕೇಸಿನಲ್ಲೇ ಇದೆಯಾ? ನನಗೆ ಸ್ವಲ್ಪ ನೆಗಡಿ ಇತ್ತು, ಈಗ ಇಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳ ಅಕ್ಷರ, ನಗಬೇಡಿ. ಫೋನಿನಲ್ಲಿ ಹೇಳೋಣವೆಂದರೆ ನಿಮಗೆ ಟವರ್ ಸಿಗುವುದು ಆಫೀಸಿನಲ್ಲಿ ಮಾತ್ರ, ಸುತ್ತ ನಾಲ್ಕು ಜನ ಇರುತ್ತಾರೆ.

ಒಂದು ಕೆಟ್ಟ ಕನಸು ಬಿತ್ತು ರೀ. ನೀವು ರಜೆಗೆ ಬಂದಿದ್ದೀರಿ. ನಾನು ತಟ್ಟೆ ಹಿಡಿದು ಎದುರಿಗೆ ನಿಂತಿದ್ದೇನೆ. ನೀವು ಮೊಬೈಲಿನಲ್ಲಿ ಓಡುತ್ತಿದ್ದ ನನ್ನ ವಿಡಿಯೊದಿಂದ ಕಣ್ಣೆತ್ತದೆ, “ಸ್ವಲ್ಪ ತಡೀರಿ, ವಾಸಂತಿ ಮಾತಾಡ್ತಿದ್ದಾಳೆ” ಎಂದಿರಿ. ನನ್ನನ್ನೇ ಬಹುವಚನದಲ್ಲಿ! ಅನ್ನ ಆರಿಹೋಯಿತು.

ನಮ್ಮ ಅಡುಗೆ ಚಾನೆಲ್ಲು ನೀವು ಹೇಳಿಕೊಟ್ಟ ಹಾಗೆಯೇ ನಡೆದಿದೆ. ಮೊದಲು ದಿನಕ್ಕೊಂದು ವಿಡಿಯೊ ಮಾಡಲು ಹೋಗಿ ಕೈ ಸುಟ್ಟುಕೊಂಡು ಅಳುತ್ತಾ ಕೂತಿದ್ದೆನಲ್ಲ, ಆಗ ನೀವೇ ಅಂದಿರಿ: “ದಿನಾ ಒಲೆ ಮುಂದೆ ಕುಣೀಬೇಡ. ದೋಸೆಹಿಟ್ಟು ರುಬ್ಬಿ ಫ್ರಿಜ್ಜಿನಲ್ಲಿ ಇಡಲ್ವಾ, ಹಾಗೇ ಭಾನುವಾರ ವಾರದ ಐದೂ ವಿಡಿಯೊ ಮಾಡಿ ಇಟ್ಟುಬಿಡು.” ಈಗ ಭಾನುವಾರ ಪಕ್ಕದ ಬ್ಲಾಕಿನ ಧಾರಿಣಿ ಬಂದು ಮೊಬೈಲು ಹಿಡಿಯುತ್ತಾಳೆ. ಕುರ್ಚಿಯ ಮೇಲೆ ಐದು ಸೀರೆ. ಒಂದೊಂದು ಅಡುಗೆಗೂ ಒಂದೊಂದು ಉಟ್ಟು, “ನಮಸ್ಕಾರ, ಇವತ್ತು ಬಥುವಾ ಸೊಪ್ಪಿನ ಮಸ್ಸೊಪ್ಪು” ಎಂದು ನಗುತ್ತೇನೆ. ಆಮೇಲೆ ಸೋಮವಾರದಿಂದ ಶುಕ್ರವಾರದವರೆಗೆ ಮಧ್ಯಾಹ್ನ ಊಟದ ಹೊತ್ತಿಗೆ ಒಂದೊಂದು ತಾನಾಗಿಯೇ ಚಾನೆಲ್ಲಿಗೆ ಹೋಗುತ್ತದೆ. ತರಕಾರಿ ಭಯ್ಯಾ ಕೂಡ ನೋಡುತ್ತಾನಂತೆ, “ಚಲೋ, ಸ್ಟಾರ್ ಆಂಟಿ ಬಂದರು” ಎಂದು ಮೂಲಂಗಿ ಹೆಚ್ಚಿಗೆ ಹಾಕುತ್ತಾನೆ. ಮಾತಾಡುವವರೆಂದರೆ ಅವನೊಬ್ಬ. ಉಳಿದ ದಿನವೆಲ್ಲ ಕುಕ್ಕರ್ ಸೀಟಿಯೇ.

ನೀವು ನೋಡಿ ಹೆಬ್ಬೆರಳಿನ ಗುರುತು ಹಾಕಿದಿರೋ ಇಲ್ಲವೋ ಎಂದು ಕಾಯುತ್ತೇನೆ. ಹೊರಡುವಾಗ ಹೇಳಿದಿರಲ್ಲ, “ವಿಡಿಯೊ ಬಂತು ಅಂದ್ರೆ ನೀನು ಚೆನ್ನಾಗಿದ್ದೀಯ ಅಂತ ಗೊತ್ತಾಗುತ್ತೆ, ಬಿಡು” ಅಂತ. ನಿನ್ನೆ ನಾಲ್ಕೇ ಮಾಡಿದೆ. ಬೇಜಾರು ಮಾಡಿಕೊಳ್ಳಬೇಡಿ, ಸೋಮಾರಿತನ ಅಲ್ಲ.

ಉಣ್ಣೆ ಟೋಪಿ ಹಾಕಿಕೊಳ್ಳಿ. ದೇವರು ನಿಮ್ಮನ್ನು ಚೆನ್ನಾಗಿ ಇಟ್ಟಿರಲಿ.

ನಿಮ್ಮ ದಾರಿ ಕಾಯುವ
ವಾಸಂತಿ

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಧೈರ್ಯ ಬರಲಿಲ್ಲ. ಹೋದ ವಾರ ಸೋಮವಾರದಿಂದಲೇ ಜ್ವರ, ಹಾಸಿಗೆಯಿಂದ ಏಳಲಾಗಲಿಲ್ಲ. ವಿಡಿಯೊದಲ್ಲಿ ಮಾತ್ರ ನಗುತ್ತಲೇ ಇದ್ದೆ, ನೀವು ದಿನಾ ಹೆಬ್ಬೆರಳು ಹಾಕುತ್ತಲೇ ಇದ್ದಿರಿ. ಗುರುವಾರ ಕೆಳಗಿನ ಮನೆಯ ಇಂದಿರಾ ಬಾಗಿಲು ಬಡಿದು, “ಏನ್ರೀ, ಮೂರು ದಿನದ ಹಾಲಿನ ಪ್ಯಾಕೆಟ್ ಹೊರಗೇ ಬಿದ್ದಿದೆ, ಫೋನಲ್ಲಿ ನೋಡಿದ್ರೆ ರೊಟ್ಟಿ ತಟ್ತಾ ಇದ್ದೀರಿ!” ಎಂದು ಗಂಜಿ ಕುಡಿಸಿದರು. ಒಟ್ಟಿಗೆ ಮಾಡಿಡು ಎಂದವರೂ ನೀವೇ, ಬಂದರೆ ಚೆನ್ನಾಗಿದ್ದೀಯ ಎಂದವರೂ ನೀವೇ. ಎರಡೂ ಸೇರಿದರೆ ಏನಾಗುತ್ತದೆಂದು ನನಗೂ ಹೊಳೆದಿರಲಿಲ್ಲ. ಇನ್ನು ಮೇಲೆ ಗುರುವಾರದ್ದನ್ನು ಮಾತ್ರ ಗುರುವಾರವೇ ಮಾಡುತ್ತೇನೆ. ಅದು ಬರದಿದ್ದರೆ, ಸುತ್ತ ಯಾರಿದ್ದರೂ ಸರಿ, ಫೋನ್ ಮಾಡಿ. ಹೋದ ಗುರುವಾರದ್ದನ್ನು ಇನ್ನೊಮ್ಮೆ ತೆಗೆದು ನೋಡಿ. ಸೀರೆಯನ್ನಲ್ಲ, ಮುಡಿಯನ್ನು. ಸೋಮವಾರ ಇದ್ದ ಸೇವಂತಿಗೆಯೇ ಅಲ್ಲವಾ?